ಹನುಮಮ್ಮನ ಟ್ರಂಕಿನಲ್ಲಿದ್ದ ಏಳನೆಯ ವರ್ಷ

ಲೋಕದ ಸೈನ್ಯಗಳೆಲ್ಲ ಮುಂದಕ್ಕೆ ನುಗ್ಗಿ ನೆಲ ಗೆಲ್ಲುತ್ತವೆ. ಹಿಂದಕ್ಕೆ ಹೆಜ್ಜೆ ಇಡುತ್ತಲೇ ಗೆಲ್ಲುವ ಸೈನ್ಯ ನಾನು ಕಂಡಂತೆ ಒಂದೇ, ಅದು ಹನುಮಮ್ಮನ ನಾಟಿ ಗುಂಪು. ಹದಿನಾಲ್ಕು ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ ಸಾಲಾಗಿ ಬಾಗಿ, ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದು, ಬಲಗೈಯಲ್ಲಿ ನೆಡುತ್ತ ಹಿಂದೆ ಸರಿಯುತ್ತಾರೆ. ಅವರು ಬಿಟ್ಟುಕೊಟ್ಟ ನೆಲವೆಲ್ಲ ಹಸಿರಾಗುತ್ತದೆ. ಜುಲೈಯಲ್ಲಿ ಕಾಲುವೆಗೆ ನೀರು ಬಿಟ್ಟರೆ ಸಾಕು, ದೇಶನೂರಿನಿಂದ ಸಿರಿಗೇರಿಯವರೆಗಿನ ಗದ್ದೆಯ ಒಡೆಯರೆಲ್ಲ ಹನುಮಮ್ಮನಿಗೆ ಫೋನು ಹಚ್ಚುತ್ತಾರೆ. ಆಕೆ ಎರಡನೇ ಸಲಕ್ಕೆ ಎತ್ತುತ್ತಾಳೆ. ಮೊದಲ ಸಲಕ್ಕೇ ಎತ್ತಿದರೆ ಬೆಲೆ ಇರುವುದಿಲ್ಲವಂತೆ.

ಇಂಥ ದಂಡನಾಯಕಿಗೆ ಒಂದು ಖಜಾನೆ ಬೇಡವೇ. ಇದೆ. ಮದುವೆಯಲ್ಲಿ ತವರಿನವರು ಆಂಧ್ರದ ಆದೋನಿಯಿಂದ ಕೊಟ್ಟು ಕಳಿಸಿದ ತಗಡಿನ ಟ್ರಂಕು. ಅದರಲ್ಲಿ ಚಿನ್ನವಿಲ್ಲ, ಬೆಳ್ಳಿಯಿಲ್ಲ, ಗೊಬ್ಬರದ ಚೀಲದಲ್ಲಿ ಸುತ್ತಿಟ್ಟ ಕಾಗದಗಳಿವೆ. ರದ್ದಾದ ರೇಷನ್ ಕಾರ್ಡುಗಳು, ಪೋಲಿಯೊ ಹನಿಯ ಚೀಟಿ, ಮೂರು ಚುನಾವಣೆಯ ಮತದಾರರ ಚೀಟಿಗಳು, ಕುರಿ ವಿಮೆಯ ರಶೀದಿ. ಕುರಿ ತೀರಿಕೊಂಡು ಎಂಟು ವರ್ಷವಾಯಿತು. ಹನುಮಮ್ಮನಿಗೆ ಓದಲು ಬರುವುದಿಲ್ಲ. ಆದರೆ ಕಾಗದದ ವಾಸನೆಯಿಂದ ಅದು ತಹಸೀಲ್ದಾರರದೋ ಪಂಚಾಯಿತಿಯದೋ ಹೇಳಬಲ್ಲಳು.

ಈ ಕಾಗದಭಕ್ತಿಗೆ ಕಾರಣ ಆಕೆಯ ಕಸುಬು. ನಾಟಿ ಮುಗಿದ ಸಂಜೆ ಗದ್ದೆಯ ಒಡೆಯ ಇಷ್ಟು ಎಕರೆ ಆಯಿತು ಎಂದು ಚೀಟಿ ಬರೆದು ಗುಂಪಿನ ಮುಖಂಡೆಯ ಕೈಗೆ ಕೊಡುತ್ತಾನೆ. ಕೂಲಿ ಬಂದಮೇಲೆ ಚೀಟಿ ವಾಪಸ್ ಕೊಡುವುದು ವಾಡಿಕೆ. ಹೊಸದರಲ್ಲಿ ಒಮ್ಮೆ ಒಬ್ಬ ಒಡೆಯ ನಯವಾಗಿ ಕೇಳಿದನೆಂದು ಮೊದಲೇ ಕೊಟ್ಟುಬಿಟ್ಟಿದ್ದಳು. ಆತನಿಗೆ ಮೂರು ಎಕರೆ ಎರಡೆಂದು ನೆನಪಾಯಿತು. ಅಂದು ಹನುಮಮ್ಮ ಕೆಸರಿನಲ್ಲಿ ನಿಂತು ಪ್ರತಿಜ್ಞೆ ಮಾಡಿದಳು: ಕೈಗೆ ಬಂದ ಕಾಗದವನ್ನು ಇನ್ನು ಯಾವ ಗಂಡಸಿನ ಕೈಗೂ ವಾಪಸ್ ಕೊಡುವುದಿಲ್ಲ. ಆ ಪ್ರತಿಜ್ಞೆಯಿಂದ ಆಕೆಯ ಮಗಳು ಡಾಕ್ಟರಾಗುವುದು ತಪ್ಪುವುದರಲ್ಲಿತ್ತು. ಆ ಪ್ರತಿಜ್ಞೆಯಿಂದಲೇ ತಪ್ಪಲಿಲ್ಲ ಎಂಬುದು ಈ ಕಥೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎಲ್ಲ ತರಹದ ಆನ್‌ಲೈನ್ ಅರ್ಜಿ ತುಂಬಿಕೊಡಲಾಗುವುದು ಎಂದು ಬೋರ್ಡು ಹಾಕಿದ್ದೇನೆ. ಕಳೆದ ಜುಲೈಯ ಒಂದು ಮಂಗಳವಾರ ಬೆಳಿಗ್ಗೆ ಹನುಮಮ್ಮ ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡೇ ಒಳಗೆ ಬಂದಳು. ಹಿಂದೆ ಮಗಳು ಯಶೋಧರಾ. ತೆಳ್ಳಗಿನ ಹುಡುಗಿ, ತುಟಿಯ ಅಂಚಿನಲ್ಲಿ ಸದಾ ಒಂದು ತಡೆಹಿಡಿದ ನಗು. ನೀಟ್ ಪರೀಕ್ಷೆಯಲ್ಲಿ ಸರ್ಕಾರಿ ಸೀಟು ಸಿಗುವಷ್ಟು ಅಂಕ ತೆಗೆದಿದ್ದಳು. ಆ ಅಂಕಪಟ್ಟಿ ನೋಡಿ ನಾನು ಕುರ್ಚಿಯಿಂದ ಅರ್ಧ ಎದ್ದೆ.

“ಸಿದ್ದಪ್ಪಣ್ಣ, ಕೂಡ್ರು,” ಎಂದಳು ಹನುಮಮ್ಮ. “ಅರ್ಜಿ ತುಂಬು. ನಾಡಿದ್ದು ಗಾದೆಪ್ಪನ ಗದ್ದಿಗಿ ಹೋಗ್ಬೇಕು.”

ಅರ್ಜಿ ಸರಾಗವಾಗಿ ಓಡಿತು. ಜಾತಿ ಪ್ರಮಾಣ ಪತ್ರ, ಟ್ರಂಕಿನಲ್ಲಿದೆ. ಆದಾಯದ್ದು, ಇದೆ. ಕಲ್ಯಾಣ ಕರ್ನಾಟಕದ ಪ್ರಮಾಣ ಪತ್ರ, ಅದಂತೂ ಎರಡು ಸಲ ಮಾಡಿಸಿದ್ದಾಳೆ. ಕೊನೆಗೆ ಒಂದು ಚೌಕದ ಮುಂದೆ ನನ್ನ ಬೆರಳು ನಿಂತಿತು.

“ಅಕ್ಕ, ಹುಡುಗಿ ಕರ್ನಾಟಕದಾಗ ಎಷ್ಟು ವರ್ಷ ಓದ್ಯಾಳ?”

“ಅದೇನ್ ಕೇಳ್ತಿ. ನನ್ನ ಗಂಡ, ಅವರಪ್ಪ, ಅವರಪ್ಪನ ಅಪ್ಪ, ಎಲ್ಲಾ ಇದಾ ಮಣ್ಣಾಗ ಮಣ್ಣಾಗ್ಯಾರ.”

“ನಿನ್ನ ಗಂಡ ಮಾರೆಣ್ಣ ಇನ್ನಾ ಅದಾನಲ್ಲಕ್ಕ.”

“ಅದಾನ. ಸಿರುಗುಪ್ಪದ ರೈಸ್‌ಮಿಲ್ಲಿನಾಗ ಚೀಲ ಹೊರಾಕತ್ಯಾನ. ಮಾತಿಗಂದೆ.”

“ಅವರು ಮಣ್ಣು ಕೇಳಂಗಿಲ್ಲಕ್ಕ. ಬೆಂಚು ಕೇಳ್ತಾರ.”

ನಿಯಮ ಹೇಳಿದೆ. ರಾಜ್ಯದ ಸೀಟು ಬೇಕಾದರೆ ಒಂದನೇ ತರಗತಿಯಿಂದ ಹನ್ನೆರಡರವರೆಗೆ ಒಟ್ಟು ಏಳು ವರ್ಷ ಕರ್ನಾಟಕದ ಶಾಲೆಯಲ್ಲಿ ಕೂತಿರಬೇಕು. ಹತ್ತನೆಯದೋ ಹನ್ನೆರಡನೆಯದೋ ಇಲ್ಲಿಯೇ ಪಾಸಾಗಿರಬೇಕು. ಏಳು ತಲೆಮಾರು ಇಲ್ಲೇ ಇದ್ದರೂ ಬೆಂಚಿನ ಲೆಕ್ಕ ಆರಕ್ಕೆ ನಿಂತರೆ ಬಾಗಿಲು ತೆರೆಯುವುದಿಲ್ಲ.

ಯಶೋಧರಾ ಬೆರಳು ಮಡಚಿ ಒಪ್ಪಿಸಿದಳು. “ಒಂದು, ಎರಡು ನಮ್ಮೂರಾಗ. ನಾಲ್ಕು, ಐದು, ಆರು ಆದೋನಿಯಾಗ ಅಜ್ಜಿ ಮನ್ಯಾಗ. ಏಳರಿಂದ ಹತ್ತು ಕುರುಗೋಡಿನ ವಸತಿ ಶಾಲಿ. ಪಿಯುಸಿ ಮತ್ತ ಆದೋನಿ, ಮಾವನ ಮನಿ ಪಕ್ಕಕ್ಕ ಸೈನ್ಸ್ ಕಾಲೇಜು ಇತ್ತು.”

“ಎರಡೂ ನಾಲ್ಕೂ ಆರು. ಮೂರನೇತ್ತ ಎಲ್ಲಿ ಹೋತು?”

“ಮೂರನೇತ್ತಾನೂ ನಮ್ಮೂರಾಗ ಓದೀನಣ್ಣ. ಕಾಗದ ಮಾತ್ರ ಇಲ್ಲ ಅಂತೈತಿ.”

ಊರಿನ ಶಾಲೆ ಕೊಟ್ಟ ವ್ಯಾಸಂಗ ಪ್ರಮಾಣ ಪತ್ರ ನೋಡಿದೆ. ೨೦೧೫ರ ಜೂನಿನಲ್ಲಿ ಟಿ.ಸಿ. ಪಡೆದು ಶಾಲೆ ಬಿಟ್ಟಿರುತ್ತಾಳೆ ಎಂದು ದುಂಡಗೆ ಬರೆದಿತ್ತು. ಸರ್ಕಾರದ ಪ್ರಕಾರ ಈ ಹುಡುಗಿ ಆ ಒಂದು ವರ್ಷ ಭೂಮಿಯ ಮೇಲೆಯೇ ಇರಲಿಲ್ಲ.

ಆಂಧ್ರದ ಬಾಗಿಲು ಬಡಿಯೋಣವೇ ಎಂದರೆ, ಅಲ್ಲಿ ಹನ್ನೆರಡನೆಯದು ಸೇರಿ ಕಡೆಯ ನಾಲ್ಕು ವರ್ಷ ಒಂದೇ ಸಮ ಓದಿರಬೇಕು. ಇವಳದು ಎರಡೇ. ಗಡಿನಾಡ ಕನ್ನಡಿಗರಿಗೆಂದು ನಮ್ಮಲ್ಲಿ ಬೇರೊಂದು ಕಿಟಕಿಯಿದೆ. ಅದು ಮನೆ ಗಡಿಯ ಆಚೆ ಇರುವವರಿಗೆ. ಇವರ ಮನೆ ಈಚೆ. ತ್ರಿಶಂಕುವಿಗಾದರೂ ಸ್ವಂತದ್ದೊಂದು ಸ್ವರ್ಗ ಕಟ್ಟಿಕೊಡುವ ಋಷಿಯಿದ್ದ. ಯಶೋಧರಾಗೆ ಇದ್ದದ್ದು ಜೆರಾಕ್ಸ್ ಅಂಗಡಿಯ ನಾನು. ದಾಖಲೆ ಕೊಡಲು ಶುಕ್ರವಾರವೇ ಕಡೆಯ ದಿನ.

“ಆ ಟಿ.ಸಿ. ಯಾವ ಶಾಲಿಗಿ ಕೊಟ್ರಿ ಅಕ್ಕ? ಅಲ್ಲಿ ಹೋಗಿ ಕೇಳೋಣು.”

ಹನುಮಮ್ಮ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದಳು. ಗೊಬ್ಬರದ ಚೀಲದ ಮೂರನೇ ಮಡಿಕೆಯಿಂದ ಒಂದು ಹಳದಿ ಕಾಗದ ತೆಗೆದು ಮೇಜಿನ ಮೇಲಿಟ್ಟಳು. “ಯಾಕ ಕೊಡ್ಲಿ? ಇಲ್ಲೇ ಐತಲ್ಲ.”

ಮೂಲ ಟಿ.ಸಿ. ಹತ್ತು ವರ್ಷದಲ್ಲಿ ಒಂದು ಮಡಿಕೆಯೂ ಹೆಚ್ಚಾಗಿರಲಿಲ್ಲ.

ನಡೆದದ್ದು ಹೀಗೆ. ಆ ಜೂನಿನಲ್ಲಿ ಆದೋನಿಯ ಅಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಇನ್ನು ವರ್ಷವೆಲ್ಲ ಅಲ್ಲೇ ಎಂದು ಹನುಮಮ್ಮ ಮಗಳ ಟಿ.ಸಿ. ಬರೆಸಿಕೊಂಡು ಬಸ್ಸು ಹತ್ತಿದಳು. ಹದಿನೈದು ದಿನದಲ್ಲಿ ಅಜ್ಜಿ ಸೊಸೆಯನ್ನು ತೆಲುಗಿನಲ್ಲಿ ನಿರರ್ಗಳವಾಗಿ ಬೈಯುವಷ್ಟು ಸುಧಾರಿಸಿದಳು. ಇನ್ನು ಚಿಂತೆಯಿಲ್ಲವೆಂದು ತಾಯಿ ಮಗಳು ನಾಟಿಗೆ ಸರಿಯಾಗಿ ವಾಪಸ್ ಬಂದರು. ಹುಡುಗಿ ಮೂರನೇ ತರಗತಿಯಲ್ಲಿ ಕೂತಳು. ಟಿ.ಸಿ. ವಾಪಸ್ ಕೊಟ್ಟರೆ ಮರುದಾಖಲು ಮಾಡಿಕೊಳ್ಳುತ್ತೇನೆ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಹನುಮಮ್ಮ ಪ್ರತಿಜ್ಞೆ ನೆನೆದಳು. ಮರುವರ್ಷ ಮಗಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಾಗ ಆದೋನಿಯ ಶಾಲೆಗೂ ಆಕೆ ಕೊಟ್ಟದ್ದು ಜೆರಾಕ್ಸೇ. ಅಲ್ಲಿಯವರು ವಯಸ್ಸು ನೋಡಿ ನಾಲ್ಕಕ್ಕೆ ಕೂರಿಸಿಕೊಂಡರು.

“ಆ ಮಾಸ್ತರು ಯಾರು? ಬದುಕ್ಯಾರ?”

“ದುರುಗಪ್ಪ ಮಾಸ್ತರು. ರಿಟೈರಾಗಿ ಕುರುಗೋಡಿನಾಗ ಅದಾರ. ಬೈತಾರ ನೋಡಣ್ಣ.”

ಅಂಗಡಿಯ ಶಟರು ಎಳೆದೆ. ಇಂಥ ದಂಡಯಾತ್ರೆ ಜೆರಾಕ್ಸಿನವನ ಆಯುಷ್ಯದಲ್ಲಿ ಎಷ್ಟು ಸಲ ಬಂದೀತು. ಮೂವರೂ ಟ್ರಂಕಿನ ಸಮೇತ ಕುರುಗೋಡಿನ ಬಸ್ಸು ಹಿಡಿದೆವು.

ದುರುಗಪ್ಪ ಮಾಸ್ತರು ಮನೆಯ ಮುಂದೆ ಪೇರಲ ಗಿಡದ ಕೆಳಗೆ ಕೋಲು ಹಿಡಿದು ಕೂತಿದ್ದರು. ಎದುರಿನ ಗೋಡೆಯ ಮೇಲೆ ಐದು ಕೋತಿಗಳು ಕೂತಿದ್ದವು. ನಿವೃತ್ತಿಯ ನಂತರವೂ ಎದುರಿಗೆ ಒಂದು ತರಗತಿ ಇಟ್ಟುಕೊಂಡಿದ್ದರು ಎನ್ನಬಹುದು. ಹನುಮಮ್ಮನನ್ನು ನೋಡಿದೊಡನೆ ಕೋಲು ಕೆಳಗಿಟ್ಟರು.

“ಬಂದೇನವ್ವ. ಟಿ.ಸಿ. ತಂದೀ?”

“ತಂದೀನ್ರಿ ಮಾಸ್ತರ್ರೆ. ತೋರ್ಸಾಕ.”

“ಕೊಡಾಕಲ್ಲ.”

“ಅಲ್ರಿ.”

“ಗೊತ್ತಿತ್ತು,” ಎಂದು ಅವರು ಯಶೋಧರಾ ಕಡೆ ತಿರುಗಿದರು. “ಏನ್ ಓದಾಕತ್ತೀಯವ್ವ?”

ಹುಡುಗಿ ಹೇಳಿದಳು. ಅಷ್ಟರಲ್ಲಿ ಒಂದು ಕೋತಿ ಹಣ್ಣು ಕಿತ್ತುಕೊಂಡು ಹೋಯಿತು. ಮಾಸ್ತರು ಕೋಲು ಎತ್ತಲಿಲ್ಲ.

“ನಿಮ್ಮವ್ವನ ಜೊತಿ ನಾ ಮೂರು ಸರ್ತಿ ಜಗಳಾಡೀನಿ. ಆಕಿ ಒಂದೂ ಸೋಲಲಿಲ್ಲ. ಹಿರೇರ ಜಗಳದಾಗ ನಿನ್ನ ವರ್ಷ ಯಾಕ ಹಾಳಾಗ್ಬೇಕು ಅಂತ ಹಾಜರಿ ಪುಸ್ತಕದ ಕಡೀಗಿ ಕೆಂಪು ಶಾಯಿಲೆ ನಿನ್ನ ಹೆಸರು ಬರದೆ. ಪಕ್ಕಕ್ಕ ಷರಾ ಹಾಕೀನಿ. ತಿಂಗಳಾ ತಿಂಗಳಾ ಹಾಕೀನಿ. ಮರುದಾಖಲು ಮಾಡೋದು ಉಳೀತು. ಅದು ನಂದೂ ತಪ್ಪವ್ವ.”

“ಪುಸ್ತಕ ಇರ್ತೈತೇನ್ರಿ ಸಾರ್?” ಎಂದೆ.

“ಹಾಜರಿ ಪುಸ್ತಕ ಇಲಿ ತಿನ್ನದಿದ್ರ ಇರ್ತೈತಿ. ಇನ್ನೊಂದು ಐತಿ. ಆ ವರ್ಷಾನ ಸರ್ಕಾರದೋರು ಹುಡುಗ್ರಿಗೆ ಬೂಟು ಕೊಟ್ಟಿದ್ದು. ಬೂಟು ಒಯ್ದೋರ ಅಪ್ಪ ಅವ್ವನ ಹೆಬ್ಬೆಟ್ಟು ತಗೊಂಡೀನಿ. ಹನುಮವ್ವ, ಅವತ್ತು ನೀ ಹೆಬ್ಬೆಟ್ಟು ಹಾಕಾಕೂ ಅರ್ಧ ತಾಸು ತಗೊಂಡೆಲ್ಲ, ನೆನಪೈತಿ?”

“ಏನ್ ಬರದಾರ ಅಂತ ಓದಿಸ್ಕೊಂಡೆ, ತಪ್ಪಾ?” ಎಂದಳು ಹನುಮಮ್ಮ. ಫೋನು ಬಂತು. ಗಾದೆಪ್ಪ. “ಬರ್ತೀನಪ್ಪ, ನಿನ್ನ ಸಸಿ ಓಡಿ ಹೋಗಂಗಿಲ್ಲ,” ಎಂದು ಇಟ್ಟಳು.

ಬುಧವಾರ ಊರಿನ ಶಾಲೆ. ಅದರ ಹೆಸರು ಬರೆದರೆ, ತಮ್ಮ ತಪ್ಪು ಬಯಲಾಯಿತೆಂದು ಮಾಸ್ತರು ನನ್ನನ್ನು ಕೋತಿಗಳ ಪಕ್ಕ ಕೂರಿಸುತ್ತಾರೆ, ಆದ್ದರಿಂದ ಬೇಡ. ದೇಶನೂರಿನ ಆಚೆ ಕಾಲುವೆಯ ದಂಡೆಗೆ ಒಂದು ಸಣ್ಣ ಊರು ಎಂದರೆ ಸಾಕು. ಈಗಿನ ಮುಖ್ಯೋಪಾಧ್ಯಾಯಿನಿ ಅಂಜನಾ ಮೇಡಂ ವಯಸ್ಸಿನಲ್ಲಿ ಚಿಕ್ಕವರು. ಕಬ್ಬಿಣದ ಬೀರುವಿನ ಬಾಗಿಲಿಗೆ ಒಂದು ಸಲ ಭುಜ ಕೊಟ್ಟರು, ಎರಡನೇ ಸಲ ಹನುಮಮ್ಮ ಕೊಟ್ಟಳು. ಬಾಗಿಲು ಶರಣಾಯಿತು.

ಹತ್ತು ವರ್ಷದ ಧೂಳು ಕುಡಿದು ಪುಸ್ತಕ ಸಿಕ್ಕಿತು. ಮೂಲೆಯೊಂದನ್ನು ಇಲಿ ಓದಿ ಮುಗಿಸಿತ್ತು. ಉಳಿದದ್ದು ಭದ್ರವಾಗಿತ್ತು. ಮೂರನೇ ತರಗತಿ, ಜುಲೈ ತಿಂಗಳು. ಮೂವತ್ತೊಂದು ನೀಲಿ ಹೆಸರುಗಳ ಕೆಳಗೆ ಒಂದು ಕೆಂಪು ಹೆಸರು, ಅದರ ಮುಂದೆ ಸಣ್ಣ ಅಕ್ಷರದಲ್ಲಿ ‘ಟಿ.ಸಿ. ಬರಬೇಕಾಗಿದೆ’. ಪುಟ ತಿರುಗಿಸಿದೆವು. ಆಗಸ್ಟ್, ‘ಟಿ.ಸಿ. ಬರಬೇಕಾಗಿದೆ’. ಸೆಪ್ಟೆಂಬರ್, ಮತ್ತೆ ಅದೇ. ಏಪ್ರಿಲ್ಲಿನವರೆಗೆ ಹತ್ತು ತಿಂಗಳು ಹತ್ತು ಸಲ ಆ ಮನುಷ್ಯ ಅದೇ ಸಾಲನ್ನು ಅದೇ ಅಕ್ಷರದಲ್ಲಿ ಬರೆದಿದ್ದರು. ನಾನು ದಿನಕ್ಕೆ ಸಾವಿರ ಹಾಳೆ ನಕಲು ಮಾಡುವವನು. ಹೀಗೆ ಕಣ್ಣು ತುಂಬಿಸಿದ ನಕಲು ಬೇರೊಂದು ನೋಡಿಲ್ಲ.

“ನವೆಂಬರಿನಾಗ ಎರಡು ದಿನ ಗೈರು,” ಎಂದರು ಅಂಜನಾ ಮೇಡಂ.

“ಬೂಟು ಕಚ್ಚಿತ್ರಿ,” ಎಂದಳು ಯಶೋಧರಾ. “ಎರಡು ಸೈಜು ದೊಡ್ಡವು. ಅವ್ವ ಒಳಗ ಅರಿವಿ ತುರುಕಿದ್ಲು. ಹಿಮ್ಮಡಿ ಸುಲೀತು.”

ಬೂಟಿನ ಪುಸ್ತಕವೂ ಬಂತು. ಯಶೋಧರಾ ಹೆಸರಿನ ಮುಂದೆ ಅದೇ ನವೆಂಬರಿನ ತಾರೀಕು, ಗೈರಿನ ಹಿಂದಿನ ದಿನ. ಪಕ್ಕದಲ್ಲಿ ನೇರಳೆ ಶಾಯಿಯ ಹೆಬ್ಬೆಟ್ಟು, ಅದರ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಹನುಮಮ್ಮ ತನ್ನ ಎಡಗೈ ಹೆಬ್ಬೆರಳನ್ನು ಪುಸ್ತಕದ ಪಕ್ಕ ಇಟ್ಟಳು. ಹದಿನಾರನೇ ವಯಸ್ಸಿನಲ್ಲಿ ಕುಡುಗೋಲು ಕೊಯ್ದ ಗುರುತು, ಅದೇ ಗೆರೆ. ಅರಸರ ಮುದ್ರೆಗಳಿಗೂ ಇಷ್ಟು ಸ್ಪಷ್ಟ ಲಾಂಛನ ಇದ್ದಿರಲಾರದು.

ಗುರುವಾರ ಮೇಲುಸಹಿಗೆಂದು ಸಿರುಗುಪ್ಪದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ಅಂಜನಾ ಮೇಡಂ ಎರಡೂ ಪುಸ್ತಕ ತಂದಿದ್ದರು. ದುರುಗಪ್ಪ ಮಾಸ್ತರು ಪೇರಲ ಗಿಡವನ್ನು ಕೋತಿಗಳಿಗೆ ಒಪ್ಪಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಸ್ಸಿಳಿದರು. ಹನುಮಮ್ಮನ ಫೋನು ಬೆಳಗಿನಿಂದ ಒಂಬತ್ತು ಸಲ ಹೊಡೆದುಕೊಂಡಿತ್ತು. ಗಾದೆಪ್ಪನ ಸಸಿಗಳು ಮಡಿಯಲ್ಲಿ ಬಲಿಯತೊಡಗಿದ್ದವು.

ಅಧಿಕಾರಿ ಸಾವಧಾನದ ಮನುಷ್ಯ. ಎರಡೂ ಪುಸ್ತಕಗಳನ್ನು ಪುಟಪುಟ ನೋಡಿದರು. ಕೆಂಪು ಸಾಲುಗಳನ್ನು ಎಣಿಸಿದರು. ಆಮೇಲೆ ಕನ್ನಡಕ ತೆಗೆದರು.

“ಇವೆಲ್ಲ ಸರಿ ಅದಾವು. ಆದ್ರ ಒಂದು ಮಾತು. ಟಿ.ಸಿ. ಹೊರಗ ಹೋಗೇತಿ. ಹುಡುಗಿ ಆ ಕಡಿ ಶಾಲಿಗಿ ಸೇರಿ, ಈ ಕಡಿ ಬರೇ ಹೆಸರು ಉಳಿದಿತ್ತು ಅಂತ ನಾಳಿ ಯಾರರ ಕೇಳಿದ್ರ ನಾನೇನು ಹೇಳ್ಲಿ?”

“ಮೂಲ ಟಿ.ಸಿ. ಇವರ ಹಂತೇಕೇ ಐತ್ರಿ,” ಎಂದೆ. “ಯಾವ ಶಾಲಿಗೂ ಕೊಟ್ಟಿಲ್ಲ.”

ಅಧಿಕಾರಿಯ ಮುಖ ಅರಳಿತು. “ಮತ್ತ ಅದನ್ನ ಮೊದಲಾ ಹೇಳಬಾರದೇನ್ರಿ. ಅದನ್ನ ಕಡತಕ್ಕ ಹಚ್ಚಿ ರದ್ದು ಮಾಡ್ತೀನಿ. ಮೂರನೇತ್ತ ಇಲ್ಲೇ ಓದ್ಯಾಳ ಅಂತ ಮೇಡಂ ಬರೀತಾರ, ನಾನು ಮೇಲುಸಹಿ ಹಾಕ್ತೀನಿ. ಎಲ್ಲೈತಿ, ಕೊಡಮ್ಮ.”

ಅವರು ಕೈ ಚಾಚಿದರು. ಆ ಕೈ ಗಾಳಿಯಲ್ಲೇ ಉಳಿಯಿತು.

ಹನುಮಮ್ಮ ಟಿ.ಸಿ.ಯನ್ನು ಎದೆಗೆ ಹಿಡಿದಿದ್ದಳು. “ಜೆರಾಕ್ಸ್ ನಡ್ಯಾಂಗಿಲ್ಲೇನ್ರಿ?”

“ಇಲ್ಲಮ್ಮ. ಮೂಲಾನೇ ಬೇಕು.”

“ಕಲರ್ ಜೆರಾಕ್ಸ್?” ಎಂದು ಆಕೆ ನನ್ನ ಕಡೆ ನೋಡಿದಳು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಮೊದಲ ಬಾರಿ ನಾನು ಜೆರಾಕ್ಸಿಗೆ ವಿರುದ್ಧವಾಗಿ ತಲೆ ಅಲ್ಲಾಡಿಸಿದೆ.

“ಇದನ್ನ ಕೊಟ್ಟು, ಅವರು ಬರೀಲಿಲ್ಲಂದ್ರ?” ದನಿ ಇಳಿದಿತ್ತು. “ಆಗ ನನ್ನ ಕೈಯಾಗ ಏನಿರ್ತೈತಿ ಹೇಳು. ಮೂರು ಎಕ್ರಿ ಹಚ್ಚಿ ಎರಡು ಅನಿಸ್ಕೊಂಡಾಕಿ ನಾನು.”

ಯಾರೂ ನಗಲಿಲ್ಲ. ನಾನೂ ನಗಲಿಲ್ಲ. ಆಕೆ ಹೆದರಿದ್ದಳು. ಹದಿನಾಲ್ಕು ಹೆಂಗಸರ ದಂಡನಾಯಕಿ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ.

ಯಶೋಧರಾ ಹತ್ತಿರ ಬಂದು ನಿಂತಳು. “ಅವ್ವ, ನೀ ಹತ್ತು ವರ್ಷ ಇದನ್ನ ಬಿಡಲಿಲ್ಲ ಅಂತನಾ ಇವತ್ತು ಕೊಡಾಕರ ಐತಿ. ಇಲ್ಲಾಂದ್ರ ಎಲ್ಲಿ ಹುಡುಕತಿದ್ವಿ? ಕೊಡು.”

ಫೋನು ಮತ್ತೆ ಹೊಡೆದುಕೊಂಡಿತು. ಹನುಮಮ್ಮ ಅದನ್ನು ನೋಡದೆ ಆರಿಸಿದಳು. ಅಧಿಕಾರಿಯ ಚಾಚಿದ ಕೈಯನ್ನು ದಾಟಿ ಮೂಲೆಯ ಕುರ್ಚಿಯಲ್ಲಿದ್ದ ದುರುಗಪ್ಪ ಮಾಸ್ತರ ಮುಂದೆ ಹೋಗಿ ನಿಂತಳು.

“ಮೊದಲು ಕೇಳಿದೋರು ನೀವು. ತಗೋರಿ.”

ಮಾಸ್ತರು ಎದ್ದು ನಿಂತು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡರು. “ಭಾಳ ಲಗೂನ ತಂದೆವ್ವ,” ಎಂದರು. ಆ ಮಾತಿಗೆ ಎಲ್ಲರೂ ನಕ್ಕರು. ಹನುಮಮ್ಮ ಸೆರಗಿನಿಂದ ಮೂಗೊರೆಸಿಕೊಂಡು ತಾನೂ ನಕ್ಕಳು.

ಮಾಸ್ತರು ಟಿ.ಸಿ.ಯನ್ನು ಅಧಿಕಾರಿಗೆ ಕೊಟ್ಟು, ಜೇಬಿನಿಂದ ಕೆಂಪು ಪೆನ್ನು ತೆಗೆದು ಹಾಜರಿ ಪುಸ್ತಕದ ಕಡೆ ಕೈ ಚಾಚಿದರು. “ಸಾರ್, ನೀವು ರಿಟೈರಾಗೀರಿ,” ಎಂದು ಅಧಿಕಾರಿ ಮೆಲ್ಲಗೆ ತಡೆದರು, “ನೀವು ಬರಿಯಂಗಿಲ್ಲ.” ಪೆನ್ನು ಅಂಜನಾ ಮೇಡಂ ಕೈಗೆ ಹೋಯಿತು. ನಿವೃತ್ತ ಮಾಸ್ತರು ನಿಂತು ಉಕ್ತಲೇಖನ ಹೇಳಿದರು, ಹಾಲಿ ಮೇಡಂ ಕೂತು ಬರೆದರು: ‘ಟಿ.ಸಿ. ಬಂದಿದೆ.’ ಕೆಳಗೆ ಆ ದಿನದ ತಾರೀಕು. ಮಧ್ಯಾಹ್ನದ ಹೊತ್ತಿಗೆ ಏಳು ವರ್ಷದ ಲೆಕ್ಕ ತುಂಬಿತು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ನನ್ನ ಅಂಗಡಿಯಿಂದ ಅದು ಬೆಂಗಳೂರಿಗೆ ಹಾರಿತು. ಹನ್ನೊಂದಕ್ಕೆ ಹನುಮಮ್ಮನ ಸೈನ್ಯ ಗಾದೆಪ್ಪನ ಗದ್ದೆಗೆ ಇಳಿದಿತ್ತು. ಒಂದು ಸೊಂಟ ಹೆಚ್ಚಿಗೆ ಬಾಗಿತ್ತಂತೆ. ಅದು ಯಶೋಧರಾದು.

ಸೀಟು ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲೇ ಸಿಕ್ಕಿತು. ಸೇರುವ ದಿನ ಅಲ್ಲಿಯ ಗುಮಾಸ್ತರು ಎಲ್ಲ ಮೂಲ ದಾಖಲೆ ಇಲ್ಲೇ ಬಿಡಬೇಕು ಎಂದಾಗ ಮಗಳು ಹೆದರಿ ತಾಯಿಯ ಮುಖ ನೋಡಿದಳು. ಹನುಮಮ್ಮ ಗೊಬ್ಬರದ ಚೀಲ ಬಿಚ್ಚಿ ಒಂದೊಂದಾಗಿ ಎಲ್ಲ ಎಣಿಸಿ ಕೊಟ್ಟಳು. ಕೊಟ್ಟಾದ ಮೇಲೆ ಮೇಜಿನ ಅಂಚು ಹಿಡಿದು ನಿಂತಳು.

“ಇನ್ನೇನಮ್ಮ?”

“ಕೊಟ್ಟೀನಿ ಅಂತ ಒಂದು ಚೀಟಿ ಬರಕೊಡ್ರಿ.”

ಬರೆದುಕೊಟ್ಟರು. ಸಹಿಯೂ ಹಾಕಿದರು, ಸೀಲೂ ಒತ್ತಿದರು. ಆ ಗುಮಾಸ್ತರಿಗೂ ಒಂದು ನಮಸ್ಕಾರ. ಸಿರುಗುಪ್ಪದ ಸಾವಧಾನದ ಅಧಿಕಾರಿಗೆ, ಬೀರುವಿಗೆ ಭುಜ ಕೊಟ್ಟ ಅಂಜನಾ ಮೇಡಂಗೆ, ಪುಸ್ತಕದ ಒಂದೇ ಮೂಲೆಗೆ ತೃಪ್ತಿಪಟ್ಟ ಇಲಿಗೆ, ಎರಡು ಸೈಜು ದೊಡ್ಡದಾಗಿ ಹಿಮ್ಮಡಿ ಕಚ್ಚಿದ ಬೂಟಿಗೆ ಸಹ ನಮಸ್ಕಾರ. ಗೊತ್ತಿದ್ದೋ ಗೊತ್ತಿಲ್ಲದೆಯೋ ಇವರೆಲ್ಲ ಒಂದು ಹುಡುಗಿಯ ಒಂದು ವರ್ಷವನ್ನು ಕಾಪಾಡಿ ಇಟ್ಟಿದ್ದರು.

ಮೊನ್ನೆ ಹನುಮಮ್ಮ ಹೊಸ ಅಕ್ಕಿಯ ಚೀಲ ತಂದು ನನ್ನ ಅಂಗಡಿಯಲ್ಲಿ ಇಳಿಸಿದಳು. ಬೇಡವೆಂದೆ. ಆಕೆಗೆ ಅದು ಕೇಳಿಸಲಿಲ್ಲ. ಆ ಕಾಲೇಜಿನ ಚೀಟಿಯನ್ನು ಮೇಜಿನ ಮೇಲಿಟ್ಟು ಒಂದು ಜೆರಾಕ್ಸ್ ತೆಗೆ ಎಂದಳು.

“ಯಾರಿಗಕ್ಕ?”

“ದುರುಗಪ್ಪ ಮಾಸ್ತರಿಗಿ. ಸಂಜೀಕ ಕುರುಗೋಡಿಗಿ ಹೊಂಟೀನಿ. ಗ್ವಾಡಿಗಿ ಹಚ್ಚಿಕೊಳ್ಳಲಿ.”

“ಅವರು ಮೂಲ ಎಲ್ಲಿ ಅಂತ ಕೇಳ್ತಾರ ನೋಡು.”

“ಕೇಳಲಿ,” ಎಂದು ಹನುಮಮ್ಮ ಮೂಲವನ್ನು ಮಡಚಿ ಗೊಬ್ಬರದ ಚೀಲದ ಮೂರನೇ ಮಡಿಕೆಯಲ್ಲಿ, ಹಳದಿ ಕಾಗದವಿದ್ದ ಜಾಗದಲ್ಲಿ ಇಟ್ಟಳು. “ತಿಂಗಳಾ ತಿಂಗಳಾ ಬರಕೊಳ್ಳಾಕ ಹೇಳ್ತೀನಿ.”